ಸಿಗದಿದ್ದರೆ ಪಕ್ಕದ ಮನೆಯದು

ಕಾರ್ಯದರ್ಶಿಗಳು ಆ ಸಂಜೆ ಗೋದಾಮಿನಿಂದ ಬಂದವರು ಚಪ್ಪಲಿ ಬಿಡುವುದನ್ನೇ ಮರೆತು ಸೀದಾ ಅಡುಗೆಮನೆಗೆ ನಡೆದರು. ಹೆಂಡತಿ ಮೊದಲು ಅವರ ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು. ಮುಖ ಹೆಚ್ಚು ಗಾಬರಿ ಹುಟ್ಟಿಸುವಂತಿತ್ತು. ಅದರಲ್ಲಿ ಜ್ಞಾನೋದಯದ ಕಳೆ ಇತ್ತು.

"ಇನ್ನು ಮೇಲೆ ನಾನು ಏನನ್ನೂ ಹುಡುಕೋದಿಲ್ಲ ಕಣೇ. ಕಂಪ್ಯೂಟರಿಗೆ ನಂಬರ್ ಕೊಟ್ಟುಬಿಡ್ತೀನಿ, ಅದೇ ಹುಡುಕಿ ತಂದು ಮುಂದೆ ಇಡುತ್ತೆ."

ಹಾಗಾದರೆ ಹೋದ ವಾರ ಕಳೆದುಕೊಂಡು ಬಂದ ಊಟದ ಡಬ್ಬಿಯ ಮುಚ್ಚಳದಿಂದಲೇ ಶುರುಮಾಡಿ ಎಂದು ಹೆಂಡತಿ ಹೇಳಿ ಒಲೆಯ ಕಡೆ ತಿರುಗಿದಳು. ಮಹಾಪುರುಷರನ್ನು ಮೊದಲು ಗುರುತಿಸದೆ ಹೋಗುವುದು ಯಾವಾಗಲೂ ಸ್ವಂತ ಮನೆಯೇ ಎಂದುಕೊಂಡು ಕಾರ್ಯದರ್ಶಿಗಳು ಚಪ್ಪಲಿ ಬಿಡಲು ವಾಪಸು ಹೋದರು.

ಈ ಕಾರ್ಯದರ್ಶಿ ಎಂಬ ಪದವಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಐದು ಮಹಡಿ, ಮಹಡಿಗೆ ಎರಡೇ ಮನೆ ಇರುವ ಆ ಕಟ್ಟಡದ ನಿವಾಸಿಗಳ ಸಂಘಕ್ಕೆ ಅವರೇನೂ ಚುನಾವಣೆಗೆ ನಿಂತವರಲ್ಲ. ಸಭೆಯ ನಡುವೆ ಫೋನು ಬಂತೆಂದು ಹೊರಗೆ ಹೋಗಿದ್ದರು. ಒಳಗೆ ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾರಿಗೋ ಒಳ್ಳೆಯದಾಗಿರಬೇಕೆಂದು ತಾವೂ ತಟ್ಟಿದರು. ಆಯ್ಕೆ ಆಗಿದ್ದವರು ಅವರೇ.

ಅಂದಿನಿಂದ ಕಟ್ಟಡದಲ್ಲಿ ಏನು ಕೆಟ್ಟರೂ ಅದು ಕಾರ್ಯದರ್ಶಿಗಳದ್ದೇ ಆಯಿತು. ಕೆಟ್ಟಿದ್ದರಲ್ಲೆಲ್ಲ ದೊಡ್ಡದು ಲಿಫ್ಟು. ಅದು ನಿಂತು ತಿಂಗಳುಗಳೇ ಆಗಿದ್ದವು. ರಿಪೇರಿಯವನು ಬರದೆ ಅಲ್ಲ, ಬೇಕಾದ ಸಾಮಾನು ಸಿಗದೆಯೂ ಅಲ್ಲ. ಲಿಫ್ಟಿನ ಯಂತ್ರವಿದ್ದ ಕೋಣೆಗೆ ಹತ್ತುವ ಏಣಿ ತಾರಸಿಯ ಒಂದು ಮೂಲೆಯಲ್ಲಿತ್ತು. ಆ ಮೂಲೆ ಐನೂರ ಎರಡನೇ ಮನೆಯ ಪಾಲಿನದು. ಆ ಮನೆಯಲ್ಲಿದ್ದವರು ತಕ್ಕಡಿ ಸಾಹೇಬರು.

ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಅವರು ರಸ್ತೆಗಿಳಿದರೆ ಈಗಲೂ ತರಕಾರಿಯವರು ತಕ್ಕಡಿಯ ತಟ್ಟೆ ಒರೆಸಿಕೊಳ್ಳುತ್ತಿದ್ದರು. ಒಂಟಿ ಮನುಷ್ಯ, ಬಾಗಿಲಿಗೆ ಮೂರು ಚಿಲಕ. ಹಿಂದಿನ ಕಾರ್ಯದರ್ಶಿ ಒಮ್ಮೆ ಕೆಳಗಿನ ನೋಟೀಸು ಬೋರ್ಡಿನಲ್ಲಿ "ಓಡಾಡುವ ಜಾಗದಲ್ಲಿ ಬೂಟು ಬಿಟ್ಟಿರುವ 502ರವರಿಗೆ ಕೊನೆಯ ಎಚ್ಚರಿಕೆ" ಎಂದು ಬರೆದು ಅಂಟಿಸಿದ್ದ. ಸಾಹೇಬರು ಬೂಟು ಒಳಗೆ ತೆಗೆದುಕೊಂಡರು. ಅದೇ ದಿನ ತಾರಸಿಯ ಬಾಗಿಲಿಗೆ ಬೀಗ ಹಾಕಿದರು. ಆಮೇಲೆ ಯಾರು ಹೋಗಿ ಕೇಳಿದರೂ ಮೂರು ಚಿಲಕದ ಹಿಂದಿನಿಂದ ಬರುತ್ತಿದ್ದುದು ಒಂದೇ ಮಾತು, ಬರವಣಿಗೆಯಲ್ಲಿ ಕೊಡಿ ಎಂದು. ಬರವಣಿಗೆಯಲ್ಲಿ ಕೊಟ್ಟರೆ ಅದಕ್ಕೆ ಉತ್ತರ ಬರುತ್ತಿರಲಿಲ್ಲ.

ಉಳಿದವರು ಹೇಗೋ ಹತ್ತಿಳಿದರು. ಸಿಕ್ಕಿಬಿದ್ದವರು ಕಾರ್ಯದರ್ಶಿಗಳ ಅತ್ತೆ. ಮಂಡಿಯ ಆಪರೇಷನ್ ಮಾಡಿಸಿಕೊಂಡು ನಾಲ್ಕನೇ ಮಹಡಿಗೆ ಮಗಳ ಮನೆಗೆ ಬಂದವರು. ಬಂದ ವಾರದಲ್ಲೇ ಲಿಫ್ಟು ನಿಂತಿತು. ಒಂದು ಸಲ ಅಳಿಯ ಮತ್ತು ಎದುರುಬಾಗಿಲಿನ ಹಲ್ಲಿನ ಡಾಕ್ಟರು ಸೇರಿ ಕುರ್ಚಿಯಲ್ಲಿ ಕೂರಿಸಿ ಇಳಿಸಲು ಹೋಗಿ, ಮೂರನೇ ಮಹಡಿಯ ತಿರುವಿನಲ್ಲಿ ಕುರ್ಚಿ ಗೋಡೆಗೂ ಕಟಕಟೆಗೂ ನಡುವೆ ಸಿಕ್ಕಿ, ಅತ್ತೆ ಅಲ್ಲೇ ಕೂತು ಎರಡು ಲೋಟ ಕಾಫಿ ಕುಡಿದು ವಾಪಸು ಮೇಲೇ ಬಂದಿದ್ದರು.

ಅತ್ತೆಗೆ ಇದ್ದ ಆಸರೆ ಎಂದರೆ ರಸ್ತೆಯಾಚೆಯ ಕಟ್ಟಡದ ನಾಲ್ಕನೇ ಮಹಡಿಯ ಗೆಳತಿ. ಅವರೂ ಇವರ ವಯಸ್ಸಿನವರೇ, ಉಬ್ಬಸದಿಂದ ಮೆಟ್ಟಿಲು ಹತ್ತಲಾರದವರು. ಇಬ್ಬರೂ ದಿನಾ ಸಂಜೆ ಬಾಲ್ಕನಿಗೆ ಬಂದು ರಸ್ತೆಯ ಮೇಲಿಂದ ಕೂಗಿ ಮಾತಾಡುತ್ತಿದ್ದರು. ಗುಟ್ಟಿನ ಮಾತೂ ಕೂಗಿಯೇ. ಇಬ್ಬರ ಸೊಸೆಯಂದಿರ ವಿಷಯವೂ ಇಡೀ ರಸ್ತೆಗೆ ತಿಳಿದಿತ್ತು. ಆದರೆ ಒಬ್ಬರ ಮುಖ ಇನ್ನೊಬ್ಬರು ಹತ್ತಿರದಿಂದ ನೋಡಿರಲೇ ಇಲ್ಲ. ಈಗ ಆ ಗೆಳತಿ ಮನೆ ಖಾಲಿ ಮಾಡಿ ದೂರದ ಮಗಳ ಊರಿಗೆ ಹೊರಟಿದ್ದರು. ಭಾನುವಾರ ಬೆಳಿಗ್ಗೆ ಗಾಡಿ.

"ಒಂದು ಸಲ ಎದುರುಬದುರು ಕೂತು ಮಾತಾಡ್ಬೇಕಿತ್ತು ಅಳಿಯಂದ್ರೆ," ಎಂದು ಅತ್ತೆ ಒಮ್ಮೆ ಮಾತ್ರ ಹೇಳಿದರು. ಎರಡನೇ ಸಲ ಹೇಳಲಿಲ್ಲ. ಯಾವುದನ್ನೂ ಒಂದೇ ಸಲ ಹೇಳಿ ಬಿಟ್ಟವರಲ್ಲ ಅವರು. ಅದಕ್ಕೇ ಆ ಮಾತು ಅಳಿಯನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಹೆಂಡತಿ ಒಂದು ಉಪಾಯ ಹೇಳಿದ್ದಳು. ಆ ಬೋರ್ಡಿನಲ್ಲಿ ಇಷ್ಟು ವರ್ಷ ಎಚ್ಚರಿಕೆ ಬಿಟ್ಟು ಬೇರೇನೂ ಬರೆದಿಲ್ಲ, ಒಂದು ಸಲ ಜನಕ್ಕೆ ಥ್ಯಾಂಕ್ಸ್ ಹೇಳಿ ನೋಡಿ, ಮನಸ್ಸು ಮೆತ್ತಗಾದರೂ ಆಗಬಹುದು ಎಂದು. ಮಾತು ಕಾರ್ಯದರ್ಶಿಗಳಿಗೆ ಹಿಡಿಸಿತು. ಆದರೆ ಅವರು ಕಾಗದ ಅಂಟಿಸುವ ಕಾಲದವರಲ್ಲ. ಆ ವಾರವಷ್ಟೇ ಅವರಿಗೆ ಲುಕಪ್ ಎಂಬ ವಿದ್ಯೆ ಒಲಿದಿತ್ತು.

ಅವರ ಕೆಲಸ ಬಚ್ಚಲುಮನೆ ನಲ್ಲಿಗಳ ಗೋದಾಮಿನ ರವಾನೆ ವಿಭಾಗದಲ್ಲಿ. ಯಾವ ನಂಬರಿನ ನಲ್ಲಿ ಎಷ್ಟಿದೆ ಎಂದು ಯಾರಾದರೂ ಕೇಳಿದರೆ ಕಂಪ್ಯೂಟರಿನ ಶೀಟು ತೆರೆದು ಸಾಲುಸಾಲಾಗಿ ಬೆರಳಿಟ್ಟು ಹುಡುಕುತ್ತಿದ್ದರು. ಪರದೆಯ ಮೇಲೆ ಅವರ ತೋರುಬೆರಳಿನ ಗುರುತು ಕಾಲುದಾರಿಯಂತೆ ಬಿದ್ದಿತ್ತು. ನೋಡಲಾರದೆ ಲೆಕ್ಕದ ವಿಭಾಗದ ಮೇಡಂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಪಾಠ ಹೇಳಿದರು. ಸೂತ್ರದಲ್ಲಿ ತುಂಬಬೇಕಾದ ಜಾಗ ನಾಲ್ಕು. ಏನನ್ನು ಹುಡುಕಬೇಕು ಎಂಬುದು ಮೊದಲನೆಯದು. ಎಲ್ಲಿ ಹುಡುಕಬೇಕು ಎಂಬುದು ಎರಡನೆಯದು. ಸಿಕ್ಕ ಮೇಲೆ ಆ ಸಾಲಿನ ಎಷ್ಟನೇ ಕಾಲಮ್ಮಿನಲ್ಲಿ ಇರುವುದನ್ನು ತರಬೇಕು ಎಂಬುದು ಮೂರನೆಯದು. ಇನ್ನು ನಾಲ್ಕನೆಯದು ಎಂದು ಮೇಡಂ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಲಾರಿ ಹಾರನ್ ಹೊಡೆಯಿತು, ಅವರು ಎದ್ದು ಹೋದರು. ಕಾರ್ಯದರ್ಶಿಗಳು ನಾಲ್ಕನೇ ಜಾಗ ಖಾಲಿ ಬಿಟ್ಟು ನೋಡಿದರು. ಕಂಪ್ಯೂಟರು ಚಕಾರ ಎತ್ತಲಿಲ್ಲ. ನಾಲ್ಕನೆಯದು ಶೋಭೆಗೆ ಇಟ್ಟಿದ್ದಾರೆ ಎಂದು ತೀರ್ಮಾನಿಸಿದರು.

ಮನೆಯಲ್ಲಿ ಕೂತು ಅವರು ಎರಡು ಶೀಟು ಮಾಡಿದರು. ಒಂದರಲ್ಲಿ ತಮಗೆ ತಿಳಿದಂತೆ ಒಳ್ಳೆಯ ಕೆಲಸ ಮಾಡಿದವರ ಮನೆ ನಂಬರು, ಮುಂದೆ ಆ ಕೆಲಸ. ಇನ್ನೊಂದರಲ್ಲಿ ಎಲ್ಲ ಹತ್ತು ಮನೆಗಳ ನಂಬರು ಉದ್ದಕ್ಕೆ ಬರೆದು, ಪಕ್ಕದಲ್ಲಿ ಸೂತ್ರ ಹಾಕಿ, ಕೆಳಗಿನ ತನಕ ಎಳೆದರು. ನಂಬರು ಸಿಕ್ಕಿದರೆ ಕೃತಜ್ಞತೆ ಬರಬೇಕು, ಸಿಗದಿದ್ದರೆ ಖಾಲಿ ಇರಬೇಕು, ಅದು ಅವರ ಲೆಕ್ಕ. ಅಕ್ಷರ ದೊಡ್ಡದು ಮಾಡಿದರು, ಸಾಲು ಬಿಟ್ಟು ಸಾಲಿಗೆ ಹಳದಿ ಬಣ್ಣ ಬಳಿದರು. ಎರಡನೇ ಮಹಡಿಯಲ್ಲಿದ್ದ ಡ್ರಮ್ ಬಾರಿಸುವ ಹುಡುಗನಿಗೆ ಏನು ಬರೆಯುವುದೆಂದು ತೋಚಲಿಲ್ಲ, ಬಿಟ್ಟರು. ವಿನಯದಿಂದ ತಮ್ಮನ್ನೂ ಬಿಟ್ಟರು. ತಕ್ಕಡಿ ಸಾಹೇಬರಿಗೆ ಬರೆಯಲು ಕೂತು, ಪೆನ್ನಿನ ತುದಿ ಕಚ್ಚಿ, ಬೂಟು ಒಳಗಿಟ್ಟುಕೊಂಡದ್ದು ಬಿಟ್ಟರೆ ಏನೂ ನೆನಪಾಗದೆ ಅವರನ್ನೂ ಬಿಟ್ಟರು. ಉಳಿದವರದ್ದು ಗೊತ್ತಿದ್ದರೆ ಸೇರಿಸು ಎಂದು ಹೆಂಡತಿಗೆ ಹೇಳಿ ಮಲಗಿದರು. ಅವಳು ಆಯಿತು ಎಂದಳು. ಹಾಗೆ ಎಂದ ಮೇಲೆ ಮರೆತೇಬಿಟ್ಟಳು.

ಹಲ್ಲಿನ ಡಾಕ್ಟರು ಕೊಟ್ಟ ಹಳೇ ಟೀವಿಯನ್ನು ಕೆಳಗೆ ನೋಟೀಸು ಬೋರ್ಡಿನ ಪಕ್ಕದಲ್ಲಿ ನಿಲ್ಲಿಸಿ, ಅದರಲ್ಲಿ ಬೆಳಿಗ್ಗೆ ಶೀಟು ಮೂಡಿಸಿದಾಗ ಒಂದು ಸಾಲೂ ಖಾಲಿ ಇರಲಿಲ್ಲ. ಎಲ್ಲ ಹೆಂಡತಿಯ ಕೈವಾಡ ಎಂದುಕೊಂಡರು ಕಾರ್ಯದರ್ಶಿಗಳು. ತಮ್ಮ ಮನೆಯ ಎದುರಿಗೆ "ಮೆಟ್ಟಿಲುಗಳ ದೀಪ ಸ್ವಂತ ಆಸಕ್ತಿಯಿಂದ ಹಾಕಿಸಿದ ಇವರಿಗೆ ಕೃತಜ್ಞತೆಗಳು" ಎಂದಿತ್ತು. ಅವರ ಕಣ್ಣು ಮಂಜಾಯಿತು. ದೀಪ ಹಾಕಿಸಿದ್ದು ಎದುರುಬಾಗಿಲಿನ ಡಾಕ್ಟರು, ಆವತ್ತು ಸ್ಟೂಲು ಹಿಡಿದುಕೊಂಡಿದ್ದಷ್ಟೇ ತಾವು. ಆದರೂ ಹಿಡಿದದ್ದನ್ನು ಒಬ್ಬಳಾದರೂ ನೋಡಿದ್ದಳಲ್ಲ. ಸಂಜೆ ಹೆಂಡತಿಗೆ ಇಷ್ಟವಾದ ದ್ರಾಕ್ಷಿ ತಂದು, ಹೇಳಿಸಿಕೊಳ್ಳದೆ ಪಾತ್ರೆ ತೊಳೆದರು. ಹೆಂಡತಿಯೂ ಆ ಸಾಲು ನೋಡಿದ್ದಳು. ತಮ್ಮನ್ನು ತಾವೇ ಹೊಗಳಿಕೊಂಡಿದ್ದಾರೆ, ಪಾಪ, ಬೇರೆ ಯಾರು ಹೇಳಬೇಕು ಇವರಿಗೆ ಎಂದುಕೊಂಡು ಸುಮ್ಮನಿದ್ದಳು.

ಡಾಕ್ಟರು ಮಾತ್ರ ಮೆಟ್ಟಿಲಲ್ಲಿ ಸಿಕ್ಕಾಗ, ದೀಪ ಎರಡೆರಡು ಮನೆಯವರು ಹಾಕಿಸಿದ್ದರೆ ಬೆಳಕು ಯಾಕೆ ಅಷ್ಟೇ ಇದೆ ಎಂದು ಕೇಳಿ ಹಲ್ಲು ಕಾಣದಂತೆ ನಕ್ಕರು. ಇನ್ನೂರ ಒಂದನೇ ಮನೆಯ ದರ್ಜಿಯಮ್ಮ ಇನ್ನೂ ಜೋರು. ಅಂಗಳದ ಬೆಕ್ಕುಗಳಿಗೆ ಹಾಲಿಡುವವಳು ತಾನು, ಪಕ್ಕದ ಮನೆಯ ಡ್ರಮ್ಮಿನವನಿಗೂ ಅದೇ ಕೃತಜ್ಞತೆ ಯಾವ ನ್ಯಾಯ, ಅವನು ಬಾರಿಸಲು ಶುರುಮಾಡಿದರೆ ಇರುವ ಬೆಕ್ಕುಗಳೂ ಓಡಿಹೋಗುತ್ತವೆ ಎಂದು ಬಾಗಿಲಲ್ಲಿ ನಿಂತು ವಾದಿಸಿದರು. ಆದರೆ ಆ ಡ್ರಮ್ಮಿನವನು, ಹುಟ್ಟಿದಾಗಿನಿಂದ ಪಕ್ಕದ ಮನೆಗಳಿಂದ ಬೈಗುಳ ಬಿಟ್ಟು ಬೇರೇನೂ ಕೇಳದವನು, ಟೀವಿಯ ಮುಂದೆ ಬಹಳ ಹೊತ್ತು ನಿಂತು, ಅಂಗಡಿಗೆ ಹೋಗಿ ಹಾಲಿನ ಪ್ಯಾಕೆಟ್ಟು ತಂದು, ಬೆಕ್ಕುಗಳೆದುರು ಕುಕ್ಕರುಗಾಲಲ್ಲಿ ಕೂತಿದ್ದನ್ನು ಎಲ್ಲರೂ ನೋಡಿದರು. ಅವತ್ತು ಸಂಜೆ ಬಾರಿಸಿದ್ದೂ ಮೆಲ್ಲಗೆ.

ತಕ್ಕಡಿ ಸಾಹೇಬರು ಕೆಳಗಿಳಿದದ್ದು ಹತ್ತು ಗಂಟೆಯ ಹೊತ್ತಿಗೆ. ಕಾವಲಿನವನು ಆಮೇಲೆ ವಿವರವಾಗಿ ವರದಿ ಮಾಡಿದ. ಸಾಹೇಬರು ತಮ್ಮ ಸಾಲು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಪರದೆಯ ಹಿಂದೆ ಬಗ್ಗಿ ನೋಡಿದರು. ಕೊನೆಗೆ ತರಕಾರಿಯನ್ನೂ ತಾರದೆ ಮೇಲೆ ಹೋದರು. ಅಲ್ಲಿ ಬರೆದಿದ್ದುದು ಇಷ್ಟು: "ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುವ, ಯಾವ ಹೊತ್ತಿನಲ್ಲಿ ಬಾಗಿಲು ತಟ್ಟಿದರೂ ನಗುತ್ತಾ ತೆರೆಯುವ ಈ ಮನೆಯವರಿಗೆ ಕೃತಜ್ಞತೆಗಳು."

ಇದೇ ಮಾತು ಅವರ ಪಕ್ಕದ ಐನೂರ ಒಂದನೇ ಮನೆಯ ಟೀಚರಮ್ಮನ ಎದುರಿಗೂ ಇತ್ತು. ಟೀಚರಮ್ಮನ ಮನೆಯಲ್ಲಿ ಮಕ್ಕಳು ಕೂರಲು ಜಾಗವಿಲ್ಲದೆ ಚಪ್ಪಲಿ ಗೂಡಿನ ಮೇಲೂ ಕೂರುತ್ತಿದ್ದರು. ಒಂದನೇ ಮಹಡಿಯ ತಾಯಿಯೊಬ್ಬಳು ತನ್ನ ಅವಳಿ ಹೆಣ್ಣುಮಕ್ಕಳಿಗೆ ಅಲ್ಲಿ ಜಾಗ ಸಿಗದೆ ಕಾದಿದ್ದವಳು, ಪಕ್ಕದಲ್ಲೇ ಇನ್ನೊಬ್ಬರು ಹೇಳಿಕೊಡುತ್ತಾರೆ ಎಂದು ಓದಿ, ಅಂದೇ ಸಂಜೆ ಇಬ್ಬರನ್ನೂ ಕರೆದುಕೊಂಡು ಹೋಗಿ ಐನೂರ ಎರಡರ ಬಾಗಿಲು ತಟ್ಟಿದಳು.

ಸುದ್ದಿ ಕೇಳಿ ಕಾರ್ಯದರ್ಶಿಗಳು ಮೆಟ್ಟಿಲಲ್ಲೇ ಕೂತುಬಿಟ್ಟರು. ಮೇಲಿನಿಂದ ಒಂದು ಚಿಲಕ ತೆಗೆದ ಶಬ್ದ ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಸ್ವಲ್ಪ ಹೊತ್ತಾಯಿತು. ಆಮೇಲೆ ಬಾಗಿಲು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಪೊಲೀಸರಿಗೆ ಹೇಳೋಣವೇ ಎಂದು ಅವರು ಯೋಚಿಸುತ್ತಿದ್ದಾಗ ಮಕ್ಕಳು ಕುಣಿಯುತ್ತಾ ಇಳಿದು ಬಂದವು. ಅಜ್ಜನ ಹತ್ತಿರ ಹಿತ್ತಾಳೆಯ ತೂಕದ ಕಲ್ಲುಗಳಿವೆಯಂತೆ, ಅರ್ಧ, ಕಾಲು, ಅರೆಕಾಲು ಎಲ್ಲಾ ತಕ್ಕಡಿಯಲ್ಲಿಟ್ಟು ತೋರಿಸಿದರಂತೆ, ನಾಳೆಯೂ ಬರಬೇಕಂತೆ. ಮರುದಿನ ಎರಡು ಮಕ್ಕಳು ನಾಲ್ಕಾದವು. ಅದರ ಮರುದಿನ ಟೀಚರಮ್ಮನೇ ತಮ್ಮ ಚಪ್ಪಲಿ ಗೂಡಿನ ಮೇಲಿನವರನ್ನು ಪಕ್ಕಕ್ಕೆ ಸಾಗಿಸಿ, ಇಷ್ಟು ವರ್ಷ ಈ ಗೋಡೆಯಾಚೆ ಒಬ್ಬ ಮೇಷ್ಟರಿದ್ದದ್ದು ತನಗೆ ಗೊತ್ತೇ ಇರಲಿಲ್ಲ ಎಂದು ಕಾರ್ಯದರ್ಶಿಗಳಿಗೆ ಕೈಮುಗಿದು ಹೋದರು.

ತಮ್ಮ ವಿದ್ಯೆಯ ಮಹಿಮೆಯಿಂದ ಬೀಗಿದ ಕಾರ್ಯದರ್ಶಿಗಳು ಶುಕ್ರವಾರ ಗೋದಾಮಿನಲ್ಲಿ ಮೇಡಂಗೆ ಫೋನಿನಲ್ಲಿ ಟೀವಿಯ ಫೋಟೊ ತೋರಿಸಿದರು. ಮೇಡಂ ನೋಡಿದರು, ಫೋಟೊ ದೊಡ್ಡದು ಮಾಡಿ ನೋಡಿದರು. ಅಕ್ಕಪಕ್ಕದ ಮನೆಯವರೆಲ್ಲ ಒಂದೇ ಕೆಲಸ ಮಾಡಿದ್ದಾರಲ್ಲ ಎಂದರು.

"ಸಾರ್, ನಾಲ್ಕನೇ ಜಾಗದಲ್ಲಿ ಏನು ಹಾಕಿದ್ದೀರಿ?"

"ಏನೂ ಇಲ್ಲ. ಖಾಲಿ."

ಮೇಡಂ ತಲೆಯ ಮೇಲೆ ಕೈ ಇಟ್ಟುಕೊಂಡರು. "ಖಾಲಿ ಬಿಟ್ರೆ ಅದು ಇಲ್ಲ ಅನ್ನೋದಿಲ್ಲ ಸಾರ್. ಕೇಳಿದ ನಂಬರು ಸಿಗದಿದ್ರೆ ಅದರ ಹಿಂದಿನ ನಂಬರಿನದ್ದು ತಂದು ಕೊಟ್ಟುಬಿಡುತ್ತೆ. ಅಲ್ಲಿ ಸೊನ್ನೆ ಹಾಕ್ಬೇಕು. ಆಗ ಸರಿಯಾಗಿ ಅದೇ ಇದ್ರೆ ಮಾತ್ರ ತರುತ್ತೆ, ಇಲ್ಲದಿದ್ರೆ ಇಲ್ಲ ಅನ್ನುತ್ತೆ."

ಎಂದರೆ ಸಾಹೇಬರ ಗಣಿತ ಟೀಚರಮ್ಮನದು, ಬೆಕ್ಕಿನ ಹಾಲು ದರ್ಜಿಯಮ್ಮನದು, ತಮ್ಮ ದೀಪ ಡಾಕ್ಟರದು. ದ್ರಾಕ್ಷಿ ಮಾತ್ರ ತಮ್ಮದೇ.

ಮೊದಲು ಯೋಚಿಸಿ ಆಮೇಲೆ ಕೈಹಾಕುವ ಜಾತಿಯ ಮನುಷ್ಯರಾಗಿದ್ದರೆ ಅವರು ಆ ಸೊನ್ನೆಯನ್ನು ಭಾನುವಾರದ ನಂತರ ಹಾಕುತ್ತಿದ್ದರು. ಅವರು ಮನೆಗೆ ಬಂದವರೇ ಹಾಕಿದರು. ಖಾಲಿ ಬರಬೇಕಾದ ಸಾಲುಗಳಲ್ಲಿ ಖಾಲಿಯೂ ಬರಲಿಲ್ಲ. ಇಂಗ್ಲಿಷಿನ ಒಂದು ಎನ್, ಓರೆಯಾದ ಒಂದು ಗೆರೆ, ಒಂದು ಎ, ಇಷ್ಟು ಬಂದು ಕೂತವು. ಅದನ್ನು ಹೇಗೆ ಅಡಗಿಸುವುದೆಂದು ಅವರಿಗೆ ಗೊತ್ತಿರಲಿಲ್ಲ.

ಕಾಲು ಗಂಟೆಯೊಳಗೆ ಡ್ರಮ್ಮಿನವನು ಕೈಯಲ್ಲಿ ಹಾಲಿನ ಪ್ಯಾಕೆಟ್ಟು ಹಿಡಿದೇ ಬಂದು, ಈಗ ನಿಜವಾಗಿ ಹಾಕುತ್ತಿದ್ದೇನಲ್ಲ ಅಂಕಲ್, ಈಗ ಯಾಕೆ ತೆಗೆದಿರಿ ಎಂದು ಕೇಳಿದ. ಅವನ ಹಿಂದೆಯೇ ದರ್ಜಿಯಮ್ಮ ಬಂದವರು, ಬೆಕ್ಕುಗಳು ಈಗ ಎರಡು ಹೊತ್ತು ಕುಡಿಯುತ್ತಿವೆ, ಹುಡುಗನ ಹೆಸರು ತೆಗೆದರೆ ಸುಮ್ಮನಿರುವುದಿಲ್ಲ ಎಂದು ತಿರುಗಿಬಿದ್ದರು. ಇವರಿಬ್ಬರನ್ನು ಸಾಗಹಾಕಿ ತಿರುಗುವಷ್ಟರಲ್ಲಿ ಬಾಗಿಲಲ್ಲಿ ತಕ್ಕಡಿ ಸಾಹೇಬರು ನಿಂತಿದ್ದರು. ಅವರು ಬೇರೆಯವರ ಹೊಸಿಲಿಗೆ ಬಂದದ್ದನ್ನು ಆ ಕಟ್ಟಡ ಕಂಡಿರಲಿಲ್ಲ. ಅಂಗಿಗೆ ಸೀಮೆಸುಣ್ಣ ಮೆತ್ತಿತ್ತು.

"ನನ್ನ ಮನೆ ಮುಂದೆ ಏನೋ ಬರೆದಿದೆಯಲ್ಲ, ಹಾಗಂದ್ರೆ ಏನು?"

"ಹುಡುಕಿದ್ದು ಸಿಗಲಿಲ್ಲ ಅಂತ, ಸಾರ್."

"ಹುಡುಕಿದ್ದು ಯಾರು?"

"ಕಂಪ್ಯೂಟರು."

"ಯಾವಾಗ ಬಂದಿತ್ತು? ನಾನು ಮನೇಲೇ ಇದ್ದೆ."

ಕಾರ್ಯದರ್ಶಿಗಳು ಕೂರಿಸಿ ಎಲ್ಲ ಒಪ್ಪಿಕೊಂಡರು. ನಾಲ್ಕನೇ ಜಾಗ, ಲಾರಿಯ ಹಾರನ್, ಹಿಂದಿನ ನಂಬರು, ಸೊನ್ನೆ. ಹೇಳುತ್ತಾ ಹೋದಂತೆ ತಾರಸಿಯ ಬೀಗ ಇನ್ನೂ ಒಂದು ಸುತ್ತು ಬಿಗಿದುಕೊಳ್ಳುತ್ತಿರುವ ಶಬ್ದ ಅವರಿಗೆ ಕೇಳಿಸುತ್ತಿತ್ತು. ಒಳಗಿನಿಂದ ಹೆಂಡತಿ, ಹಾಗಾದರೆ ದೀಪದ ಸಾಲು ನೀವು ಬರೆದದ್ದಲ್ಲವೇ ಎಂದಳು. ಇವರು, ನೀನು ಬರೆದದ್ದಲ್ಲವೇ ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಾಹೇಬರು ಅಂಗಿಯ ಸೀಮೆಸುಣ್ಣ ಕೊಡವುತ್ತಾ ಹೇಳಿದರು:

"ಮೊದಲನೇ ದಿನವೇ ಗೊತ್ತಾಯ್ತು ತೂಕ ತಪ್ಪಿದೆ ಅಂತ. ನನ್ನ ಸರ್ವೀಸಿನಲ್ಲಿ ಎಷ್ಟೋ ಕಳ್ಳ ತಕ್ಕಡಿ ಹಿಡಿದಿದ್ದೀನಿ. ಒಂದೂ ನನ್ನ ಕಡೆ ವಾಲಿದ್ದಿಲ್ಲ. ಇದು ವಾಲಿತು. ಕೇಸು ಹಾಕೋಕೆ ಮನಸ್ಸು ಬರಲಿಲ್ಲ."

ಕಾರ್ಯದರ್ಶಿಗಳು ಕಾಫಿ ಎಂದರು. ಅಷ್ಟರಲ್ಲಿ ಒಳಕೋಣೆಯಿಂದ ಅತ್ತೆ ನಾಲ್ಕು ಕಾಲಿನ ಊರುಗೋಲು ಟಕಟಕ ಊರುತ್ತಾ ಬಂದರು. ಕೂತಿದ್ದವರು ಯಾರೆಂದೂ ನೋಡದೆ, ಹೊತ್ತಾಯಿತು ಎಂದು ಬಾಲ್ಕನಿಗೆ ನಡೆದರು. ಮರುಕ್ಷಣ ರಸ್ತೆಯ ಮೇಲೆ ಅವರ ದನಿ ಹಾರಿತು. ಸಾಮಾನೆಲ್ಲ ಕಟ್ಟಿದ್ದಾಯಿತೇ ಎಂದು ಕೇಳಿದರು. ಆಚೆಯಿಂದ ಉತ್ತರ ಬಂತು, ಕೆಮ್ಮಿನ ನಡುವೆ. ಪಾತ್ರೆ ಆಯಿತಂತೆ, ಹಾಸಿಗೆ ನಾಳೆಯಂತೆ, ಭಾನುವಾರ ಬೆಳಿಗ್ಗೆ ಗಾಡಿ ಬರುತ್ತದಂತೆ. "ನಿಮ್ಮ ಮುಖ ಒಂದು ಸಲ ಸರಿಯಾಗಿ ನೋಡಲಿಲ್ಲ ನೋಡಿ," ಎಂದಿತು ಆ ದನಿ. "ಮೂಗಿನ ಮೇಲೆ ಇರೋದು ಮಚ್ಚೇನಾ, ಕನ್ನಡಕಾನಾ, ಅದೂ ಗೊತ್ತಾಗಲಿಲ್ಲ."

"ಕನ್ನಡಕ," ಎಂದು ಕೂಗಿದರು ಅತ್ತೆ.

ಸಾಹೇಬರು ಕಾಫಿಯ ಲೋಟ ಕೈಯಲ್ಲಿ ಹಿಡಿದು ಕೇಳುತ್ತಿದ್ದರು. "ಇವರು ಯಾಕೆ ಇಷ್ಟು ಕಿರುಚ್ತಾರೆ? ರಸ್ತೆ ದಾಟಿದ್ರೆ ಅವರ ಮನೆಯಲ್ಲವಾ?" ಎಂದರು.

ಕಾರ್ಯದರ್ಶಿಗಳು ನೆಲ ನೋಡಿದರು. ಹೆಂಡತಿ ಕಾಫಿಯ ಪಾತ್ರೆ ನೋಡಿದಳು. ಸಾಹೇಬರು ಅತ್ತೆಯ ಬೆನ್ನು ನೋಡಿದರು, ಆಮೇಲೆ ನಾಲ್ಕು ಕಾಲಿನ ಊರುಗೋಲು, ಆಮೇಲೆ ಬಾಗಿಲಾಚೆ ಸತ್ತು ನಿಂತಿದ್ದ ಲಿಫ್ಟು. ಲೋಟ ಮೆಲ್ಲಗೆ ಕೆಳಗಿಟ್ಟು, ಸೀಮೆಸುಣ್ಣದ ಕೈ ಒರೆಸಿಕೊಂಡರು.

"ಲಿಫ್ಟಿನವನಿಗೆ ಫೋನ್ ಮಾಡಿ," ಎಂದರು. "ಬೆಳಿಗ್ಗೆ ಎಷ್ಟು ಹೊತ್ತಿಗಾದ್ರೂ ಬರಲಿ, ಬಾಗಿಲು ತೆಗೆದಿರುತ್ತೆ."

ಹೊಸಿಲು ದಾಟಿದವರು ತಿರುಗಿ, ತಮ್ಮ ಸಾಲಿನ ಬಗ್ಗೆ ಒಂದು ಸೂಚನೆ ಕೊಟ್ಟರು. ಗಣಿತ ಎಂದು ಬರೆಯುವುದು ಬೇಡ, ತಾವು ಭಿನ್ನರಾಶಿಯನ್ನಷ್ಟೇ ಹೇಳಿಕೊಟ್ಟಿರುವುದು. ನಗುತ್ತಾ ಬಾಗಿಲು ತೆರೆಯುವುದು ಎಂಬುದನ್ನೂ ತೆಗೆಯಬೇಕು. ತೆರೆಯುತ್ತೇನೆ, ಅಷ್ಟು ಹಾಕಿ. ತೂಕ ಸರಿ ಇರಲಿ.

ಅವರು ಹೋದ ಮೇಲೆ ಹೆಂಡತಿ ಕಂಪ್ಯೂಟರಿನ ಮುಂದೆ ಕೂತು, ತಮ್ಮ ಮನೆಯ ನಂಬರಿನ ಎದುರು ತಾನೇ ಟೈಪು ಮಾಡಿದಳು: "ಲಿಫ್ಟು ನಿಂತಾಗಿನಿಂದ ಅತ್ತೆಯ ಔಷಧಿ, ಅಕ್ಕಿಯ ಮೂಟೆ, ನೀರಿನ ಕ್ಯಾನು ಎಲ್ಲವನ್ನೂ ನಾಲ್ಕು ಮಹಡಿ ಹೊತ್ತು ತಂದ, ಗೊಣಗಿದರೂ ನಡುವೆ ಕೆಳಗಿಡದ ಇವರಿಗೆ ಕೃತಜ್ಞತೆಗಳು." ಕಾರ್ಯದರ್ಶಿಗಳು ಅದನ್ನು ಓದಿ, ಗೊಣಗಿದರೂ ಎಂಬುದನ್ನು ತೆಗೆಯಬಹುದೇ ಎಂದು ಕೇಳಿದರು. ಈ ಮನೆಯಲ್ಲೂ ತೂಕ ಸರಿ ಇರಲಿ ಎಂದಳು ಅವಳು.

ಶನಿವಾರ ಇಡೀ ದಿನ ತಾರಸಿಯ ಮೇಲೆ ಸುತ್ತಿಗೆಯ ಸದ್ದು. ಸಾಹೇಬರು ಏಣಿಯ ಕೆಳಗೆ ನಿಂತು ರಿಪೇರಿಯವನಿಗೆ ಸ್ಪ್ಯಾನರುಗಳನ್ನು ಅಳತೆ ಹೇಳಿ ಹೇಳಿ ಕೊಟ್ಟರಂತೆ. ಸಂಜೆಗೆ ಲಿಫ್ಟು ಒಂದು ಸಲ ನರಳಿ, ಎರಡನೇ ಸಲ ಏರಿತು.

ಭಾನುವಾರ ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ಟು ಇಳಿದರು. ಎದುರು ಕಟ್ಟಡದ ಗೆಳತಿಯನ್ನು ಅವರ ಕಡೆಯವರು ಆಗಲೇ ಕೆಳಗೆ ತಂದು, ಸಾಮಾನಿನ ಗಾಡಿಯ ಪಕ್ಕ ಒಂದು ಕುರ್ಚಿಯಲ್ಲಿ ಕೂರಿಸಿದ್ದರು. ಎರಡೂ ಕಟ್ಟಡಗಳ ಬಾಲ್ಕನಿಗಳಲ್ಲಿ ಜನ. ಡ್ರಮ್ಮಿನವನು ರಸ್ತೆಯ ನಡುವೆ ನಿಂತು ಎರಡೂ ಕಡೆಯ ವಾಹನ ತಡೆದ. ಅಳಿಯನ ತೋಳು ಹಿಡಿದು ಅತ್ತೆ ರಸ್ತೆ ದಾಟಿದರು, ಕುರ್ಚಿಯೆದುರು ನಿಂತರು, ಕನ್ನಡಕ ಸರಿಮಾಡಿಕೊಂಡು ನೋಡಿದರು. ಕೂತವರೂ ತಲೆ ಎತ್ತಿ ನೋಡಿದರು. ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಂಡರು.

ಹಿಡಿದುಕೊಂಡೇ, ಒಂದು ಮೊಳ ದೂರದಲ್ಲಿ, ಅತ್ತೆ ಎಂದಿನಂತೆ ಗಂಟಲು ಬಿಚ್ಚಿ, ತಿಂಡಿ ಆಯ್ತಾ ಎಂದು ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದರು. ಗೆಳತಿಯೂ ಅಷ್ಟೇ ಜೋರಾಗಿ, ನಿಮ್ಮನ್ನ ನೋಡಿದ ಮೇಲೆ ತಿನ್ನೋಣ ಅಂತ ಇಟ್ಕೊಂಡಿದ್ದೀನಿ, ಬನ್ನಿ ಕೂತ್ಕೊಳ್ಳಿ ಎಂದು ಕೂಗಿದರು. ಮೆತ್ತಗೆ ಮಾತಾಡಬಹುದು ಎಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ. ಗಾಡಿಯವನು ಹೊತ್ತಾಯಿತು ಎನ್ನಲು ಬಾಯಿ ತೆರೆದ, ಆದರೆ ಆ ಇಬ್ಬರ ದನಿಯ ನಡುವೆ ಅವನ ಮಾತು ಯಾರಿಗೂ ಕೇಳಿಸಲಿಲ್ಲ.